ಹೆದರಿಕೆಯ ಸರದಿ

ಅಂಗಡಿಯ ಶಟರ್ ಎಳೆದು ಬೀಗ ಹಾಕಿದ ಮೇಲೆ ಆ ಬೀಗವನ್ನು ಜಗ್ಗಿ ನೋಡುವುದು ನನ್ನ ಹಳೆಯ ಚಾಳಿ. ಜಗ್ಗಿ ನೋಡಿ ಬೈಕಿನ ತನಕ ಹೋಗುತ್ತೇನೆ, ಮತ್ತೆ ಬಂದು ಜಗ್ಗುತ್ತೇನೆ. ಪಕ್ಕದ ಚಪ್ಪಲಿ ಅಂಗಡಿಯವನಿಗೆ ಇದು ದಿನದ ಮನರಂಜನೆ. ಮೊನ್ನೆ ಹೀಗೇ ಜಗ್ಗುತ್ತಿದ್ದಾಗ ಕೊಂಡಿಯೇ ಕಿತ್ತು ಬೀಗ ಕೈಗೆ ಬಂತು. ವರ್ಷಗಟ್ಟಲೆ ಜಗ್ಗಿಸಿಕೊಂಡ ಕೊಂಡಿ ಎಷ್ಟೆಂದು ತಾಳೀತು? ಕಳ್ಳ ಮಾಡಬೇಕಾದ ಕೆಲಸವನ್ನು ನಾನೇ ಪುಕ್ಕಟೆ ಮಾಡಿ ಮುಗಿಸಿದ್ದೆ. ಬೆಸುಗೆ ಹಾಕುವವನು ಬರುವ ತನಕ ಬೀಗ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ. ಕೂತವನಿಗೆ ಯೋಚನೆ ಬಂತು, ಈ ಪಾಟಿ ಹೆದರಿಕೆ ನನಗೆ ಎಲ್ಲಿಂದ ಬಂತು ಎಂದು. ಆ ಯೋಚನೆ ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ನಿಂತಿತು.

ನನ್ನ ಹೆಸರು ವೀರಭದ್ರಪ್ಪ. ನಗಬೇಡಿ. ಹೆಸರಿಡುವವರು ತೊಟ್ಟಿಲಲ್ಲಿ ಮಲಗಿದ ಕೂಸಿನ ಗುಂಡಿಗೆಯನ್ನೇನು ಬಿಚ್ಚಿ ನೋಡಿರುತ್ತಾರೆಯೆ? ಕೂಡ್ಲಿಗಿಯ ಬಜಾರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ನಾನು ನಾಯಿಗೆ ಹೆದರುತ್ತೇನೆ, ಸಿಡಿಲಿಗೆ ಹೆದರುತ್ತೇನೆ, ಕೊಟ್ಟೂರಿನ ಕಡೆಯ ಬಸ್ಸುಗಳು ತಿರುವಿನಲ್ಲಿ ವಾಲುವ ರೀತಿಗೆ ಹೆದರುತ್ತೇನೆ, ಪರಿಚಯವಿಲ್ಲದವರು ನನ್ನ ಹೆಸರು ಹಿಡಿದು ಕರೆದರೂ ಹೆದರುತ್ತೇನೆ. ಇವೆಲ್ಲ ಚಿಲ್ಲರೆ ಹೆದರಿಕೆಗಳು. ಇಡಿಗಂಟಿನ ಹೆದರಿಕೆ ಒಂದೇ. ನನ್ನ ಒಬ್ಬಳೇ ಮಗಳು ವೀಣಾ ದೇಶದ ಗಡಿ ಕಾಯುವ ಪಡೆಯಲ್ಲಿದ್ದಾಳೆ. ಅಲ್ಲಿ ಅವಳು ಹೇಗಿದ್ದಾಳೆ ಎಂಬ ನಿಜವೊಂದು ನನಗೆ ಗೊತ್ತಾಗಬೇಕಿತ್ತು, ಅದೇ ನನಗೆ ಸಿಗದೆ ಹೋಗಿತ್ತು.

ಹೆದರಿಕೆ ನಮ್ಮ ಮನೆತನದಲ್ಲಿ ಅಪ್ಪನಿಂದ ಇಳಿದು ಬಂದದ್ದು. ಅಪ್ಪನಿಗೆ ಕಳ್ಳರ ಭಯ. ಅವನ ಕಾಲದಲ್ಲಿ ಬಟ್ಟೆಯ ಜೊತೆಗೆ ಶೇಂಗಾ ವ್ಯಾಪಾರವೂ ಇತ್ತು, ಅಂಗಡಿಯ ಹಿಂದಿನ ಗೋದಾಮು ಅದಕ್ಕಾಗಿಯೇ ಕಟ್ಟಿಸಿದ್ದು. ಶೇಂಗಾ ಬಿಟ್ಟ ಮೇಲೆ ಗೋದಾಮು ಬರಿದಾಯಿತು. ಬರಿದಾದ ಗೋದಾಮಿನಲ್ಲಿ ಕಳ್ಳರು ಅಡಗಿ ಕೂರುತ್ತಾರೆಂದು ಅಪ್ಪ ಮಲಗಿದಲ್ಲೇ ಎದ್ದು ಕೂರುತ್ತಿದ್ದ. ಆಗ ಸೈನ್ಯದಿಂದ ನಿವೃತ್ತರಾಗಿ ಬಂದವರು ಉಜ್ಜಿನಿಯ ಸುಬೇದಾರ್ ಮರುಳಸಿದ್ದಪ್ಪ. ಊರಲ್ಲಿ ಮಿಲ್ಟ್ರಿಯಿಂದ ಬಂದವರೆಲ್ಲ ಸಂಜೆ ಕೂರಲು ಒಂದು ಜಾಗ ಬೇಕೆಂದು ಅವರು ಹುಡುಕುತ್ತಿದ್ದರು. ಅಪ್ಪ ಓಡಿಹೋಗಿ ಬೀಗದ ಕೈ ಕೊಟ್ಟ. ಹಿತ್ತಲಲ್ಲಿ ಒಂದು ಪಲ್ಟನ್ನೇ ಕೂತಿದ್ದರೆ ಯಾವ ಕಳ್ಳ ಬಂದಾನು ಎಂಬುದು ಅವನ ಲೆಕ್ಕ. ಹೀಗೆ ನಮ್ಮೂರ ಮಿಲ್ಟ್ರಿ ಕ್ಲಬ್ಬು ಹುಟ್ಟಿತು. ಅದರ ಬೋರ್ಡಿನಲ್ಲಿ ಉದ್ದನೆಯ ಹೆಸರು ಇದೆ, ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಮಹಾಶೂರರ ಆ ಸಂಸ್ಥೆಗೆ ಅಡಿಪಾಯ ಹಾಕಿದ್ದು ನಮ್ಮಪ್ಪನ ಪುಕ್ಕಲುತನ ಎಂಬುದು ಬೋರ್ಡಿನಲ್ಲಿ ಇಲ್ಲ.

ಕಳ್ಳ ಬಂದದ್ದು ಒಮ್ಮೆ ಮಾತ್ರ. ಎಲ್ಲರೂ ಒಳಗೆ ಇಸ್ಪೀಟಿನಲ್ಲಿ ಮುಳುಗಿದ್ದಾಗ ಬಾಗಿಲಲ್ಲಿ ಬಿಟ್ಟಿದ್ದ ಅಷ್ಟೂ ಚಪ್ಪಲಿಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋದ. ಗಡಿ ಕಾದವರೆಲ್ಲ ಬರಿಗಾಲಲ್ಲಿ ಮನೆಗೆ ನಡೆದರು. ಪೊಲೀಸರಿಗೆ ದೂರು ಕೊಡಲು ಯಾರಿಗೂ ಮುಖವಿರಲಿಲ್ಲ.

ನಾನಾಗ ಚಡ್ಡಿ ಹಾಕುವ ವಯಸ್ಸಿನವನು. ಅಂಗಡಿಗೂ ಕ್ಲಬ್ಬಿಗೂ ನಡುವೆ ಒಂದೇ ಗೋಡೆ. ಸಂಜೆಯಾದರೆ ಕ್ಯಾರಮ್ಮಿನ ಕಾಯಿಗಳ ಸದ್ದು, ಮಂಡಕ್ಕಿ ಒಗ್ಗರಣೆಯ ವಾಸನೆ, ತಿಂಗಳಿಗೊಮ್ಮೆ ಬಳ್ಳಾರಿಯ ಮಿಲ್ಟ್ರಿ ಕ್ಯಾಂಟೀನಿನಿಂದ ಬರುವ ರಮ್ಮಿನ ವಾಸನೆ. ಆ ವಾಸನೆ ಬಂದ ದಿನ ಅವ್ವ ವಿಭೂತಿಯನ್ನು ಸ್ವಲ್ಪ ದಪ್ಪಗೆ ಹಚ್ಚಿಕೊಳ್ಳುತ್ತಿದ್ದಳು. ಹೊರಗಿನವರಿಗೆ ಒಳಗೆ ಪ್ರವೇಶವಿರಲಿಲ್ಲ, ಗೋದಾಮಿನ ಮಾಲೀಕನಾದ ನಮ್ಮಪ್ಪನಿಗೂ.

ಮೊದಮೊದಲು ಅಲ್ಲಿ ಕೇಳುತ್ತಿದ್ದದ್ದು ಬರೀ ಶೌರ್ಯದ ಕತೆಗಳಂತೆ. ಒಬ್ಬೊಬ್ಬರೂ ಒಂಟಿಯಾಗಿ ಯುದ್ಧ ಗೆದ್ದು ಬಂದವರೇ. ತೊಂದರೆ ಎಂದರೆ ಎಲ್ಲರೂ ಗೆದ್ದದ್ದು ಒಂದೇ ಯುದ್ಧ. ಒಂದು ಸಂಜೆ ಹಡಗಲಿಯ ಕಡೆಯ ಹವಾಲ್ದಾರ್ ಮೈಲಾರಪ್ಪನಿಗೂ ಇನ್ನೊಬ್ಬರಿಗೂ ಒಂದು ಗುಡ್ಡದ ವಿಷಯದಲ್ಲಿ ಜಗಳ ಹತ್ತಿತು. ಆ ಗುಡ್ಡವನ್ನು ಮೊದಲು ಹತ್ತಿದವನು ತಾನೆಂದು ಇಬ್ಬರೂ. ಮಾತಿಗೆ ಮಾತು ಬೆಳೆದು ಕ್ಯಾರಮ್ ಬೋರ್ಡು ಮುರಿಯಿತು. ಸುಬೇದಾರರು ಎದ್ದು ನಿಂತು ಅಲ್ಲಿಯೇ ಒಂದು ಕಾನೂನು ಮಾಡಿದರು. ಇನ್ನು ಮುಂದೆ ಈ ಗೋದಾಮಿನಲ್ಲಿ ಧೈರ್ಯದ ಮಾತು ಬಂದ್. ಶನಿವಾರಕ್ಕೊಬ್ಬರಂತೆ ಸರದಿ. ಸರದಿ ಬಂದವನು ತಾನು ಹೆದರಿದ ಒಂದು ಸಂಗತಿ ಹೇಳಬೇಕು, ಖರೇ ಹೆದರಿದ್ದು. ಕೇಳಿದವರು ಅದನ್ನು ಹೊರಗೆ ಆಡಬಾರದು, ಹೇಳಿದವನು ಬೇಕಾದರೆ ತನ್ನದನ್ನು ಊರಿಗೆಲ್ಲ ಸಾರಲಿ.

ಕಾನೂನಾದ ಮೇಲೆ ಕ್ಲಬ್ಬಿಗೆ ಸೂತಕ ಬಡಿದಂತಾಯಿತು. ಶತ್ರುವಿನ ಎದುರು ಎದೆ ಕೊಟ್ಟವರಿಗೆ ಬಾಯಿ ಬಿಡಲು ಧೈರ್ಯವಿಲ್ಲ. ಕೊನೆಗೆ ಬಾಯಿ ಬಿಟ್ಟವನು ಗುಡ್ಡದ ಮೈಲಾರಪ್ಪನೇ. ಅವನ ಕತೆಯನ್ನು ಅವನೇ ಆಮೇಲೆ ಮದುವೆಮನೆಗಳಲ್ಲೂ ಹೇಳಿ ಹೇಳಿ ಸವೆಸಿದ್ದರಿಂದ ನಾನಿಲ್ಲಿ ಬರೆದರೆ ತಪ್ಪಿಲ್ಲ.

ಮೈಲಾರಪ್ಪ ರಜೆಯಲ್ಲಿ ಬಂದಿದ್ದಾಗ ಗುಡೇಕೋಟೆಯ ಕಡೆ ಅಕ್ಕನ ಊರಿಗೆ ಹೊರಟಿದ್ದನಂತೆ. ಆ ಸೀಮೆಯಲ್ಲಿ ಕರಡಿಗಳು ಹೆಚ್ಚು ಎಂಬುದು ನಿಮಗೆ ಗೊತ್ತೇ ಇದೆ. ಬಸ್ಸಿಳಿದು ಮುಸ್ಸಂಜೆಯಲ್ಲಿ ಟ್ರಂಕು ಹೊತ್ತು ನಡೆಯುತ್ತಿದ್ದಾಗ ಬಂಡೆಯ ಮರೆಯಿಂದ ಕರ್ರಗಿನದೊಂದು ಎದ್ದು ಎರಡು ಕಾಲ ಮೇಲೆ ನಿಂತಿತು. ಮೈಲಾರಪ್ಪ ಟ್ರಂಕು ಬಿಸಾಡಿ, ಹಿಮದ ಗುಡ್ಡಗಳಲ್ಲಿ ಕಾವಲು ನಿಂತಾಗ ಕೂಗುತ್ತಿದ್ದ ಹಾಗೆಯೇ ಹಿಂದಿಯಲ್ಲಿ ಕೂಗಿದ, 'ಥಮ್, ಕೌನ್ ಆತಾ ಹೈ?' ನಿಲ್ಲು, ಬರುತ್ತಿರುವವನು ಯಾರು ಎಂದು ಕರಡಿಯನ್ನು ಕೇಳಿದ ಸಿಪಾಯಿ ಭೂಮಿಯ ಮೇಲೆ ಇವನೊಬ್ಬನೇ ಇರಬೇಕು. ಕರಡಿ ಅಚ್ಚ ಕನ್ನಡದಲ್ಲಿ, 'ನಾನಪಾ, ನಿಮ್ಮ ಮಾವ' ಎಂದಿತು. ಕರಡಿ ಮಾತಾಡಿದ್ದಕ್ಕೆ ಇನ್ನಷ್ಟು ಹೆದರಿ ಮೈಲಾರಪ್ಪ ಜ್ಞಾನ ತಪ್ಪಿ ಬಿದ್ದ. ತಲೆಯ ಮೇಲೆ ಕಂಬಳಿ ಹೊದ್ದು, ಕುರಿ ಕಾಯುವುದನ್ನು ಬಿಟ್ಟು, ಅಳಿಯನನ್ನು ಕರೆದೊಯ್ಯಲು ಬಂದಿದ್ದ ಅದೇ ಊರಿನ ಸೋದರಮಾವ ಅವನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದನಂತೆ.

ಆ ಶನಿವಾರದ ನಗು ನನಗಿನ್ನೂ ನೆನಪಿದೆ. ಗೋಡೆಗೆ ಜೋಡಿಸಿದ್ದ ಪಂಚೆಯ ಗಂಟುಗಳು ಕೆಳಗೆ ಬಿದ್ದವು. ಅಲ್ಲಿಂದ ಮುಂದೆ ಸರದಿ ಸಲೀಸಾಗಿ ನಡೆಯಿತು. ಮಾತು ನಮಗೆ ಕೇಳುತ್ತಿರಲಿಲ್ಲ, ನಗು ಕೇಳುತ್ತಿತ್ತು. ಆದರೆ ಕೆಲವು ಶನಿವಾರ ಆ ಕಡೆಯಿಂದ ಸದ್ದೇ ಇಲ್ಲ. ಕೆಮ್ಮು ಕೂಡ ಇಲ್ಲ. ಕತ್ತಲಾಗುವ ಮುಂಚೆ ಒಬ್ಬೊಬ್ಬರಾಗಿ ಹೊರಬಂದು ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋಗುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತು, 'ಇವತ್ತು ಯಾರೋ ಖರೇದು ಹೇಳ್ಯಾರ' ಎನ್ನುತ್ತಿದ್ದಳು. ದೊಡ್ಡ ಮೀಸೆಯವರು ಹೆದರುತ್ತಾರೆ ಎಂಬ ಸುದ್ದಿ ನನ್ನಂಥ ಹುಡುಗನಿಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ಇವರೇ ಹೆದರುವಂಥದ್ದು ಲೋಕದಲ್ಲಿ ಏನಿದ್ದೀತು ಎಂಬ ಹೊಸ ಹೆದರಿಕೆ ಹುಟ್ಟಿತು.

ಅಪ್ಪ ಹೋದ, ಅವ್ವ ಹೋದಳು. ಕ್ಲಬ್ಬಿನ ಹಳಬರೂ ಒಬ್ಬೊಬ್ಬರಾಗಿ ಹೋದರು, ಹೊಸದಾಗಿ ನಿವೃತ್ತರಾದವರು ಬಂದು ಕೂತರು. ಹಳಬರಲ್ಲಿ ಉಳಿದವರು ಮೈಲಾರಪ್ಪ ಮತ್ತು ಸುಬೇದಾರರು. ಸುಬೇದಾರರು ಎಂಬತ್ತು ದಾಟಿಯೂ ಗಟ್ಟಿ. ಬೆಳಿಗ್ಗೆ ಕಾಲೇಜಿನ ಮೈದಾನದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಸೈನ್ಯಕ್ಕೆ ಸೇರುವ ಆಸೆಯ ಹುಡುಗರನ್ನು ಸೀಟಿ ಊದಿ ಓಡಿಸುತ್ತಿದ್ದರು. ಆ ಓಡುವವರ ನಡುವೆ ಒಂದು ಜಡೆ ಹಾರುತ್ತಿತ್ತು. ಅದು ನನ್ನ ಮಗಳದು. ತೂಕ ಇಳಿಸಲು ಓಡುತ್ತೇನೆ ಎಂದು ನನಗೆ ಹೇಳಿದ್ದಳು. ಗಡಿಪಡೆಗೆ ಆಯ್ಕೆಯಾದ ಸುದ್ದಿ ಬಂದ ದಿನ ನಾನು ಊಟ ಬಿಟ್ಟೆ. ನನ್ನ ಹೆಂಡತಿ ಶಾಂತಾ ಮಗಳಿಗೆ ಹೋಳಿಗೆ ಮಾಡಿದಳು. ಕಳ್ಳರು ಬರಬಾರದೆಂದು ನಮ್ಮಪ್ಪ ಕರೆದು ಕೂಡಿಸಿದವರೇ ನನ್ನ ಮನೆಯಿಂದ ಮಗಳನ್ನು ಹೊತ್ತುಕೊಂಡು ಹೋದರು ಎಂದು ಸುಬೇದಾರರ ಮೇಲೆ ಹಲ್ಲು ಕಡಿದೆ. ಎದುರಿಗೆ ಕಂಡಾಗ ನಮಸ್ಕಾರ ಮಾಡಿದೆ. ಅವರನ್ನು ಕಂಡರೂ ನನಗೆ ಹೆದರಿಕೆಯೇ.

ಹೋದವಳು ದಿನವೂ ಒಂದು ಮೆಸೇಜು ಕಳಿಸುತ್ತಿದ್ದಳು. 'ಆರಾಮ ಅದೀನಿ, ಊಟ ಆತು.' ಗಡಿಯಲ್ಲಿ ಗುಂಡಿನ ಸದ್ದು ಜೋರಾಗಿ, ಟಿವಿಯವರು ಗಂಟಲು ಹರಿದುಕೊಳ್ಳುತ್ತಿದ್ದ ದಿನಗಳಲ್ಲೂ ಅದೇ ಮೆಸೇಜು. ಒಮ್ಮೆ ಬೆಳಿಗ್ಗೆ ಹತ್ತಕ್ಕೂ ಊಟ ಆಗಿತ್ತು, ಇನ್ನೊಮ್ಮೆ ಇಳಿಹೊತ್ತಿಗೂ ಊಟ ಆಗಿತ್ತು. ನಡುವೆ ಫೋನು ಸಿಕ್ಕರೆ ನಾನು, 'ಹೆದರಬ್ಯಾಡ ಯವ್ವಾ, ಹೆದರಬ್ಯಾಡ' ಎಂದು ನಡುಗುವ ದನಿಯಲ್ಲಿ ಹೇಳುತ್ತಿದ್ದೆ. ಇಲ್ಲಪ್ಪ, ಇಲ್ಲೇನೂ ಇಲ್ಲ ಎಂದು ಅವಳು ನಗುತ್ತಿದ್ದಳು. ಆಮೇಲೆ ಕೆಲವು ದಿನ ಮೆಸೇಜೂ ಬರಲಿಲ್ಲ, ಫೋನೂ ಹತ್ತಲಿಲ್ಲ. ಆ ದಿನಗಳಲ್ಲಿ ನಾನು ಅಂಗಡಿಯಲ್ಲಿ ಗಿರಾಕಿಗಳಿಗೆ ಏನು ಹರಿದು ಕೊಟ್ಟೆನೋ ದೇವರಿಗೇ ಗೊತ್ತು. ಕೊನೆಗೆ ಎಲ್ಲ ತಣ್ಣಗಾಗಿ ಮತ್ತೆ ಮೆಸೇಜು ಬಂತು. ಊಟ ಆಗಿತ್ತು.

ಮಳೆಗಾಲ ಕಳೆದ ಮೇಲೆ ರಜೆ ಹಾಕಿ ಬಂದಳು. ಸ್ವಲ್ಪ ಕಪ್ಪಾಗಿದ್ದಳು, ಸ್ವಲ್ಪ ಇಳಿದಿದ್ದಳು, ಉಳಿದದ್ದೆಲ್ಲ ಮುಂಚಿನ ಹಾಗೇ. ಗೆಳತಿಯರ ಜೊತೆ ಮೆಣಸಿನಕಾಯಿ ಬಜ್ಜಿ ತಿಂದಳು, ಅವರವ್ವನ ಸೀರೆ ಉಟ್ಟು ಫೋಟೋ ತೆಗೆಸಿಕೊಂಡಳು. ನಾನೇ ಸುಮ್ಮನೆ ಇಲ್ಲದ್ದನ್ನು ಕಲ್ಪಿಸಿಕೊಂಡೆ ಎಂದು ನನ್ನನ್ನು ನಾನೇ ಬೈದುಕೊಂಡೆ. ಒಂದು ಮಧ್ಯಾಹ್ನ ಅಂಗಡಿಗೆ ಬಂದು ನನ್ನೆದುರು ಕೂತು ಹರಟುತ್ತಿದ್ದಳು. ಪಕ್ಕದ ಚಪ್ಪಲಿ ಅಂಗಡಿಯ ಶಟರ್ ಕೈತಪ್ಪಿ ಧಡಾರನೆ ಕೆಳಗೆ ಬಿತ್ತು. ನಾನು ಬೆಚ್ಚಿ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಮಗಳು ಎದುರಿಗಿರಲಿಲ್ಲ. ಬಗ್ಗಿ ನೋಡಿದರೆ ಕೌಂಟರಿನ ಕೆಳಗೆ, ನೆಲಕ್ಕೆ ಎದೆ ಹಚ್ಚಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮಲಗಿದ್ದಾಳೆ. ನಾನು ಹೆಸರು ಹಿಡಿದು ಕರೆದೆ. ನಿಧಾನಕ್ಕೆ ಎದ್ದು ಮೊಣಕೈಯ ಧೂಳು ಒರೆಸಿಕೊಂಡು, ಓಲೆ ಬಿದ್ದಿತ್ತು ಹುಡುಕ್ತಿದ್ದೆ ಅಂದಳು. ಎರಡು ಓಲೆಯೂ ಅವಳ ಕಿವಿಯಲ್ಲೇ ಇದ್ದವು.

ನಾನು ಏನಾಯಿತೆಂದು ಕೇಳಬೇಕಿತ್ತು. ಕೇಳಲಿಲ್ಲ. ಅವಳು ಹೇಳಿಬಿಟ್ಟರೆ ಏನು ಮಾಡುವುದು ಎಂದು ಹೆದರಿದೆ. ಚಹಾ ತರಿಸಲೇ ಎಂದು ಕೇಳಿದೆ. ನನ್ನ ಬಾಳಿನ ಹೆದರಿಕೆಗಳನ್ನೆಲ್ಲ ಒಂದು ತಕ್ಕಡಿಗೆ ಹಾಕಿ, ಕೌಂಟರಿನ ಕೆಳಗೆ ಕಂಡ ಆ ಬೆನ್ನನ್ನು ಇನ್ನೊಂದಕ್ಕೆ ಹಾಕಿದರೆ ಬೆನ್ನೇ ತೂಗುತ್ತದೆ. ಅವತ್ತಿನಿಂದ ಎದುರಿಗೇ ಇರುವ ಮಗಳನ್ನು ನೋಡಲೂ ಭಯವಾಗತೊಡಗಿತು.

ಆ ವಾರ ಸುಬೇದಾರರು ಅವಳನ್ನು ಕ್ಲಬ್ಬಿಗೆ ಕರೆದರು. ನಿವೃತ್ತಳಲ್ಲ, ಹೆಣ್ಣುಮಗಳು ಬೇರೆ ಎಂದು ಒಂದಿಬ್ಬರು ಗೊಣಗಿದರಂತೆ. ಸುಬೇದಾರರು ಅವರ ಗೊಣಗನ್ನು ಲೆಕ್ಕಕ್ಕಿಡಲಿಲ್ಲ. ಶನಿವಾರ ಸಂಜೆ ಅವಳು ಗೋದಾಮಿನ ಬಾಗಿಲು ದಾಟಿ ಒಳಗೆ ಹೋದದ್ದನ್ನು ನೋಡಿ ನಾನು ಅಂಗಡಿಯಲ್ಲಿ ಬಟ್ಟೆಯ ಒಂದೇ ಥಾನನ್ನು ಬಿಚ್ಚುವುದು, ಸುತ್ತುವುದು ಮಾಡತೊಡಗಿದೆ. ನನಗೆ ಹೇಳದ್ದನ್ನು ಆ ಮುದುಕರಿಗೆ ಹೇಳಲು ಹೋಗಿದ್ದಾಳೆ ಎಂದು ಹೊಟ್ಟೆಕಿಚ್ಚು, ಗೋಡೆಯಾಚೆಯಿಂದ ಏನಾದರೂ ಕೇಳಿಸಿಬಿಟ್ಟರೆ ಎಂದು ಭಯ. ಸ್ವಲ್ಪ ಹೊತ್ತಿಗೆ ಮೈಲಾರಪ್ಪ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತ.

'ಬರ್ರಿ ಸಾವ್ಕಾರ್ರ, ನಿಮ್ಮನ್ನ ಕರೀತಾರ. ಅಪ್ಪ ಒಳಗ ಬಂದ್ರ ಮಾತ್ರ ಹೇಳ್ತೀನಿ ಅಂತ ಕುಂತಾಳ ನಿಮ್ಮ ಮಗಳು.'

ಅದು ಕ್ಲಬ್ಬಾದ ಮೇಲೆ ನನ್ನದೇ ಗೋದಾಮಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಳಗೆ ನಾನು ಊಹಿಸಿದ್ದ ಯಾವ ವೈಭವವೂ ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಫ್ಯಾನು, ಗೋಡೆಯ ಮೇಲೆ ಹೋದವರ ಫೋಟೋಗಳು. ಸುಬೇದಾರರು ಕಾನೂನು ಹೇಳಿದರು. ಇಲ್ಲಿ ಕೂತು ಕೇಳುವವನು ಮೊದಲು ತನ್ನದೊಂದು ಹೇಳಬೇಕು, ಹೊರಗಿನವನಾದರೂ ಬಿಡುವಂತಿಲ್ಲ.

'ಹೇಳು ವೀರಭದ್ರಾ. ಹೆದರಿದ್ದು ಹೇಳಾಕ ಹೆದರಬಾರದು.'

ಬದುಕಿಡೀ ಹೆದರಿದವನಿಗೆ ಒಂದು ಕತೆಗೆ ಬರವೆ? ನಾಯಿಯ ಕತೆ ಹೇಳಿ ನಗಿಸಿ ಪಾರಾಗೋಣ ಅನ್ನಿಸಿತು. ಮಗಳ ಮುಖ ನೋಡಿದೆ, ಆಗಲಿಲ್ಲ. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳಿದೆ. ಫೋನು ಹತ್ತದ ಆ ದಿನಗಳಲ್ಲಿ ಒಂದು ಮಧ್ಯಾಹ್ನ ಖಾಕಿ ಹಾಕಿದ ಇಬ್ಬರು ಬಜಾರಿನಲ್ಲಿ, ವೀರಭದ್ರಪ್ಪನ ಅಂಗಡಿ ಯಾವುದು ಎಂದು ಕೇಳುತ್ತಾ ಬರುತ್ತಿದ್ದರು. ನನಗೆ ದೂರದಿಂದಲೇ ಕೇಳಿಸಿತು. ಮಗಳ ಸುದ್ದಿ ತಂದಿದ್ದಾರೆ ಎಂದುಕೊಂಡೆ. ಬಟ್ಟೆ ಹಾಕಿ ನೋಡಲು ಗಿರಾಕಿಗಳಿಗೆಂದು ಅಂಗಡಿಯ ಮೂಲೆಯಲ್ಲಿ ಒಂದು ಟ್ರಯಲ್ ರೂಮ್ ಇದೆ. ಅದರೊಳಗೆ ಹೋಗಿ ಪರದೆ ಎಳೆದುಕೊಂಡೆ. ನಾನು ಅವರಿಗೆ ಸಿಗದಿದ್ದರೆ ಅವರು ಹೇಳುವುದಿಲ್ಲ, ಅವರು ಹೇಳದಿದ್ದರೆ ಅದು ಆಗಿರುವುದಿಲ್ಲ, ಹೀಗಿತ್ತು ಆಗಿನ ನನ್ನ ಬುದ್ಧಿ. ಕನ್ನಡಿಯಲ್ಲಿ ನನ್ನ ಮುಖ ಕಾಣುತ್ತಿತ್ತು, ಅದನ್ನೂ ನೋಡಲಾಗದೆ ಗೋಡೆಗೆ ಹಣೆ ಹಚ್ಚಿ ನಿಂತೆ. ಅವರು ಬಂದರು, ಖಾಕಿ ಬಟ್ಟೆ ಬಂದಿದೆಯೇನು ಎಂದು ಕೇಳಿದರು. ಹೋಂ ಗಾರ್ಡಿನವರು. ಕೆಲಸದ ಹೆಂಗಸು ಅಳೆದು ಕೊಟ್ಟಳು, ಹೋದರು. ನಾನು ಹೊರಗೆ ಬರಲಿಲ್ಲ. ಕಾಲು ಬರಲಿಲ್ಲ. ಶಾಂತಾ ಬುತ್ತಿ ತಂದು ಪರದೆ ಸರಿಸಿದಾಗ ಅಳತೆ ನೋಡಿಕೊಳ್ಳುತ್ತಿದ್ದೇನೆ ಎಂದು ಸುಳ್ಳು ಹೇಳಿದೆ.

ಯಾರೂ ನಗಲಿಲ್ಲ. ಮೈಲಾರಪ್ಪ ನೆಲ ನೋಡುತ್ತಿದ್ದ. ಗೋಡೆಯ ಈಚೆ ಕೂತು ಕೇಳಿದ್ದ ಆ ಮೌನ ಒಳಗಿನವರಿಗೆ ಹೇಗಿರುತ್ತದೆಂದು ನನಗೆ ಗೊತ್ತಾಯಿತು.

ವೀಣಾ ಎದ್ದು ನಿಂತಳು. ಅವಳು ಹೇಳಿದ್ದನ್ನು ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಎಲ್ಲವನ್ನೂ ಅಲ್ಲ. ಶೆಲ್ಲುಗಳು ಬಿದ್ದದ್ದು, ನೆಲದಡಿಯ ಬಂಕರಿನಲ್ಲಿ ಮಣ್ಣು ಉದುರಿದ್ದು, ದೀಪ ಆರಿದ್ದು, ಪಕ್ಕದಲ್ಲಿದ್ದ ಗೆಳತಿಯ ಕೈ ಹಿಡಿಯಲು ಹೋದರೆ ಕೈ ಸಿಗದ್ದು. ಆ ಗೆಳತಿ ಉಳಿದಳು, ಕೈ ಉಳಿಯಲಿಲ್ಲ. ಮಗಳು ಇದನ್ನೆಲ್ಲ ನಮ್ಮನ್ನು ನೋಡದೆ ಫ್ಯಾನು ನೋಡುತ್ತಾ ಹೇಳಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

'ಎಲ್ಲಾರೂ ಅವ್ವಾ ಅಂತ ಒದರಿದ್ರು. ನಾನು ಅಪ್ಪಾ ಅಂತ ಒದರಿದೆ. ಸಣ್ಣಾಕಿದ್ದಾಗ ಸಿಡ್ಲು ಬಡದ್ರ ನನಗಿಂತ ಮುಂಚೆ ನೀನ ಹೆದರತಿದ್ದಿ. ನಿನ್ನ ನೋಡಿ ನನಗ ನಗಿ ಬರತಿತ್ತು, ಹೆದರಾಕ ನನಗ ಸರದಿನ ಸಿಗತಿರಲಿಲ್ಲ. ಅಲ್ಲಿ ನೀನು ಇರಲಿಲ್ಲಲ್ಲಪ್ಪ, ಪೂರಾ ನಾನ ಹೆದರಬೇಕಾತು.'

ನಾನು ಅಳುತ್ತಿದ್ದೆ. ಅಲ್ಲಿ ಅಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಸುಬೇದಾರರೂ ಕಣ್ಣು ಒರೆಸಿಕೊಂಡರು. ಮತ್ಯಾಕ ಫೋನಿನ್ಯಾಗ ಒಂದು ಮಾತು ಹೇಳಲಿಲ್ಲ ಎಂದು ಕೇಳಿದೆ.

'ಹೆಂಗ ಹೇಳಲಿ? ಹೇಳಿದ್ರ ನೀ ಅಲ್ಲಿ ಹೆದರಿ ಕುಂತುಬಿಡ್ತಿ. ಆಮ್ಯಾಲೆ ನಾನು ನಿನಗ ಸಮಾಧಾನ ಮಾಡಬೇಕು. ಅಷ್ಟು ಶಕ್ತಿ ನನಗ ಉಳದಿರಲಿಲ್ಲಪ್ಪ.'

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ದಣಿದು ಮನೆಗೆ ಬಂದವರು ಚೀಲ ಕೆಳಗಿಡುವ ಹಾಗೆ ಹೇಳಿದಳು. ನನ್ನ ಹೆದರಿಕೆ ನನ್ನೊಬ್ಬನ ಸ್ವಂತ ಆಸ್ತಿ, ಅದರಿಂದ ಯಾರಿಗೂ ನಷ್ಟವಿಲ್ಲ ಎಂದು ಅಷ್ಟು ವರ್ಷ ತಿಳಿದಿದ್ದೆ. ಅದನ್ನು ಹೊರುತ್ತಿದ್ದವಳು ಮಗಳು. ಗುಂಡು ಬೀಳುವಲ್ಲಿಯೂ ಅದನ್ನು ಕೆಳಗಿಡದೆ ಹೊತ್ತಿದ್ದಳು.

ರಜೆ ಮುಗಿಯಿತು. ಹೊಸಪೇಟೆಯ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದೆವು. ನಾನು ಧೈರ್ಯಶಾಲಿಯಾಗಿಬಿಟ್ಟೆ ಎಂದೇನೂ ತಿಳಿಯಬೇಡಿ. ಈ ವಯಸ್ಸಿಗೆ ಗುಂಡಿಗೆ ಬದಲಾಗುವುದಿಲ್ಲ. ಟಿವಿ ಹಾಕುವುದನ್ನು ಬಿಟ್ಟಿದ್ದೇನೆ, ಖಾಕಿ ಕಂಡರೆ ಈಗಲೂ ಟ್ರಯಲ್ ರೂಮಿನ ಕಡೆ ನೋಡುತ್ತೇನೆ. ಕ್ಲಬ್ಬಿನವರು ಇನ್ನೊಮ್ಮೆ ಕರೆದಿಲ್ಲ, ನಾನೂ ಹೋಗಿಲ್ಲ.

ಹೋದ ವಾರ ಬೆಳಿಗ್ಗೆ ಅಂಗಡಿ ಕಸ ಹೊಡೆಸುತ್ತಿದ್ದಾಗ ಅವಳ ಫೋನು ಬಂತು. ಮೆಸೇಜಲ್ಲ, ಫೋನು. ಅದೂ ಆ ಹೊತ್ತಿನಲ್ಲಿ. ಎತ್ತಿದೆ. ಆ ಕಡೆ ಗಾಳಿಯ ಸದ್ದು. ಅದರ ನಡುವೆ ಸಣ್ಣ ದನಿಯಲ್ಲಿ, 'ಅಪ್ಪಾ, ನನಗ ಇವತ್ತು ಬಾಳ ಹೆದರಿಕಿ ಆಗೇತಿ' ಅಂದಳು.

ಹೆದರಬ್ಯಾಡ ಎಂಬ ಮಾತು ಗಂಟಲ ತನಕ ಬಂದಿತ್ತು, ಅದರ ಹಿಂದೆಯೇ ಅಳುವೂ ಬಂದಿತ್ತು. ಎರಡನ್ನೂ ನುಂಗಿದೆ. ಕೈಗೆ ಸಿಕ್ಕ ಬಟ್ಟೆಯ ಥಾನನ್ನು ಬಿಗಿಯಾಗಿ ಹಿಡಿದುಕೊಂಡು, ದನಿ ನಡುಗದ ಹಾಗೆ, 'ಹೇಳು ಯವ್ವಾ, ಇಲ್ಲೇ ಅದೀನಿ' ಅಂದೆ. ಅವಳು ಅಳುತ್ತಾ ಹೇಳತೊಡಗಿದಳು. ಅವಳು ಹೇಳಿ ಮುಗಿಸಿ, ಮನಸ್ಸು ಹಗುರಾಯಿತು ಎಂದು ಫೋನಿಟ್ಟ ಮೇಲೆಯೇ ನಾನು ಹೆದರಿದೆ.